ಕಾಂಬಿನೇಷನ್ ಹೇಳಬೇಕಾದವರು ಮೇಷ್ಟ್ರು, ಜೆರಾಕ್ಸ್ ಅಂಗಡಿಯವನಲ್ಲ

ಸಂಪಾದಕರೇ,

ಬೆಂಗಳೂರಿನ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಡಿಗ್ರಿ ಅಡ್ಮಿಷನ್ ಶುರುವಾದರೆ ನನಗೆ ಊಟಕ್ಕೂ ಪುರುಸೊತ್ತಿರಲ್ಲ. ಯುಯುಸಿಎಂಎಸ್ ಅನ್ನುವ ಸರ್ಕಾರಿ ಪೋರ್ಟಲ್‌ನಲ್ಲಿ ಅರ್ಜಿ ತುಂಬಿಸಲು ಮಕ್ಕಳು ಸಾಲು ನಿಲ್ಲುತ್ತಾರೆ. ಮಾರ್ಕ್ಸ್ ಕಾರ್ಡ್, ಟಿಸಿ, ಜಾತಿ ಆದಾಯ ಪ್ರಮಾಣಪತ್ರ ಎಲ್ಲ ಸರಿಯಾಗಿಯೇ ತಂದಿರುತ್ತಾರೆ. ಕಾಂಬಿನೇಷನ್, ಅಂದರೆ ಒಟ್ಟಿಗೆ ಓದುವ ವಿಷಯಗಳ ಗುಂಪು ಆರಿಸುವ ಜಾಗ ಬಂದ ತಕ್ಷಣ ಮಾತ್ರ ಸ್ಕ್ರೀನ್ ಬಿಟ್ಟು ನನ್ನ ಮುಖ ನೋಡುತ್ತಾರೆ. 'ಅಂಕಲ್, ಯಾವುದು ತಗೊಂಡ್ರೆ ಒಳ್ಳೇದು?'

ಈ ಸಲ ರಾಯಚೂರು ಕಡೆಯ ಒಬ್ಬ ಹುಡುಗ ಬಂದಿದ್ದ. ಇಲ್ಲಿ ಅಣ್ಣನ ರೂಮಿನಲ್ಲಿದ್ದು ಬೆಳಿಗ್ಗೆ ಮನೆಮನೆಗೆ ಪೇಪರ್ ಹಾಕುತ್ತಾನಂತೆ. ಓಟಿಪಿ ಊರಲ್ಲಿರುವ ಅಪ್ಪನ ಫೋನಿಗೆ ಹೋಗಿತ್ತು, ಅಪ್ಪ ಹೊಲದಲ್ಲಿ. ಮೂರು ಸಲ ಫೋನ್ ಮಾಡಿ ಓಟಿಪಿ ತರಿಸಿಕೊಂಡು, ಕೊನೆಗೆ ಸಿಬಿಝಡ್ ಒತ್ತಿ ಅಂದ. ಯಾಕಪ್ಪಾ ಅಂದೆ. 'ಅದಾ ಸಲೀಸ್ ಅಂತ ದೋಸ್ತ ಹೇಳ್ಯಾನ್ರಿ.' ಮುಂದೆ ಏನಾಗಬೇಕು ಅಂದರೆ, ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು! ಸಿಬಿಝಡ್ ಅಂದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ಅದರಲ್ಲಿ ಗಣಿತ ಎಲ್ಲಿಂದ ಬರಬೇಕು? ನಾನು ಮೌಸ್‌ನಿಂದ ಕೈ ತೆಗೆದು, ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಅಂದರೇನು, ಬಿ.ಇಡಿಗೆ ಹೋದಾಗ ಏನು ಕೇಳುತ್ತಾರೆ ಅಂತ ನನಗೆ ಗೊತ್ತಿದ್ದಷ್ಟು ಹೇಳಿದೆ. ಹಿಂದೆ ಹತ್ತು ಜನ ಗೊಣಗುತ್ತಾ ನಿಂತಿದ್ದರು. ಅವನೇನೋ ಬಚಾವಾದ. ನಾನು ಕೇಳದೇ ಒತ್ತಿಬಿಟ್ಟ ಅರ್ಜಿಗಳು ಎಷ್ಟೋ, ನೆನೆಸಿಕೊಂಡರೆ ಕಸಿವಿಸಿ ಆಗುತ್ತದೆ.

ಮನೆಯಲ್ಲಿ ಅಣ್ಣನನ್ನೋ ಅಕ್ಕನನ್ನೋ ಕೇಳಬಹುದಲ್ಲ ಅನ್ನಬಹುದು. ಅದೂ ಈಗ ನಡೆಯಲ್ಲ. 2021ರಲ್ಲಿ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ ಅಂತ ಬಂತು, ನಾಲ್ಕು ವರ್ಷದ ಆನರ್ಸ್ ಡಿಗ್ರಿ, ಬೇರೆ ವಿಭಾಗದ ವಿಷಯವನ್ನೂ ಆರಿಸುವ ಓಪನ್ ಎಲೆಕ್ಟಿವ್ ಅಂದರು. 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ. ಒಂದೇ ಮನೆಯ ಅಕ್ಕನಿಗೊಂದು ಪದ್ಧತಿ, ತಂಗಿಗೊಂದು. ಇನ್ನು 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರು ಪಾಲಾದ ಮೇಲೆ ಈ ಏರಿಯಾದ ಕಾಲೇಜಿಗೂ ಆ ಏರಿಯಾದ ಕಾಲೇಜಿಗೂ ವಿಶ್ವವಿದ್ಯಾಲಯವೇ ಬೇರೆ ಇರಬಹುದು. ಮನೆ ಬದಲಾಯಿಸಿದೆವು, ಹತ್ತಿರದ ಕಾಲೇಜಿಗೆ ಸೇರಿಸೋಣ ಅಂತ ಮಧ್ಯದಲ್ಲಿ ಓಡಾಡುವ ಅಪ್ಪ ಅಮ್ಮಂದಿರನ್ನು ನೋಡಿದ್ದೇನೆ, ಪಾಪ.

ಇನ್ನೊಂದು ವಿಷಯ. ಪಟ್ಟಿಯಲ್ಲಿರುವ ಕಾಂಬಿನೇಷನ್ ಎಲ್ಲ ತರಗತಿಯಲ್ಲೂ ಇರುತ್ತದೆ ಅಂತಿಲ್ಲ. ಹೋದ ವರ್ಷ ಒಬ್ಬ ಹುಡುಗಿ ಐಚ್ಛಿಕ ಕನ್ನಡ, ಅಂದರೆ ಕನ್ನಡವನ್ನೇ ಮುಖ್ಯ ವಿಷಯವಾಗಿ ಓದಬೇಕೆಂದೇ ಸೇರಿದಳು. ಕನ್ನಡ ಲೆಕ್ಚರರ್ ಆಗಬೇಕು ಅನ್ನುತ್ತಿದ್ದಳು. ತರಗತಿ ಶುರುವಾದ ಮೇಲೆ, ಸೇರಿದವರು ಕಡಿಮೆ, ಎಚ್‌ಇಪಿಗೆ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ಹೋಗಮ್ಮ ಅಂದರಂತೆ. ಹೋದ ವರ್ಷ ಯಾವ ಕಾಂಬಿನೇಷನ್ ನಡೆಯಿತು, ಎಷ್ಟು ಜನ ಇದ್ದರು ಅಂತ ಗೇಟಿನ ಬೋರ್ಡಿನಲ್ಲಿ ಒಂದು ಹಾಳೆ ಅಂಟಿಸಿದ್ದರೆ ಅವಳು ಮೊದಲೇ ಬೇರೆ ಕಾಲೇಜು ನೋಡಿಕೊಳ್ಳುತ್ತಿದ್ದಳು ಅಲ್ವಾ?

ಮೇಷ್ಟ್ರುಗಳನ್ನು ಬೈಯಲು ಬರೆಯುತ್ತಿಲ್ಲ. ನಾನೂ ಹಗಲು ಇದೇ ಅಂಗಡಿ ನೋಡಿಕೊಂಡು ಸಂಜೆ ಕಾಲೇಜಿನಲ್ಲಿ ಬಿ.ಎ. ಮಾಡಿದವನು. ಎಂಟು ಗಂಟೆ ರಾತ್ರಿಯಲ್ಲಿ, ತೂಕಡಿಸುವ ನಮ್ಮ ಮುಂದೆ ನಿಂತು ಅರ್ಥಶಾಸ್ತ್ರ ಹೇಳಿಕೊಟ್ಟವರ ಋಣ ಇದೆ. ಸರ್ಕಾರಿ ಕಾಲೇಜಿನಲ್ಲಿ ಫೀಸು ಕಡಿಮೆ, ಪಾಠ ಮಾಡುವವರಲ್ಲಿ ನೆಟ್, ಕೆಸೆಟ್ ಅನ್ನುವ ಉಪನ್ಯಾಸಕರ ಅರ್ಹತಾ ಪರೀಕ್ಷೆ ಪಾಸಾದವರು, ಪಿಎಚ್.ಡಿ. ಮಾಡಿದವರು ಇದ್ದಾರೆ. ತೊಂದರೆ ಇರುವುದು ಮೇಷ್ಟ್ರುಗಳ ಸಂಖ್ಯೆಯಲ್ಲಿ. ಪಾಠದ ಭಾರ ಹೊರುವವರಲ್ಲಿ ಬಹಳ ಮಂದಿ ಅತಿಥಿ ಉಪನ್ಯಾಸಕರು. ಅಡ್ಮಿಷನ್ ಸಮಯದಲ್ಲಿ ಅವರ ನೇಮಕವೇ ಆಗಿರುವುದಿಲ್ಲ. ಕಾಯಂ ಇರುವ ನಾಲ್ಕೈದು ಜನ ದಾಖಲೆ ಪರಿಶೀಲನೆಯಲ್ಲಿ ಮುಳುಗಿರುತ್ತಾರೆ. ಹುಡುಗರು ಸುಮ್ನೆ ಕಾರಿಡಾರಿನಲ್ಲಿ ಸುತ್ತಾಡಿ ನನ್ನ ಅಂಗಡಿಗೆ ಬರುತ್ತಾರೆ.

ಕಾಲೇಜು ಶಿಕ್ಷಣ ಇಲಾಖೆಯವರಲ್ಲಿ ಕೇಳುವುದಿಷ್ಟೇ. ಅಡ್ಮಿಷನ್ ನಡೆಯುವಷ್ಟು ದಿನ ಪ್ರತಿ ಕಾಲೇಜಿನ ಗೇಟಿನೊಳಗೆ ಒಂದು ಮೇಜು ಹಾಕಿ, ಕಲೆ, ವಾಣಿಜ್ಯ, ವಿಜ್ಞಾನಕ್ಕೆ ಒಬ್ಬೊಬ್ಬರನ್ನು ಕೂರಿಸಿ. ಹಿಂದಿನ ವರ್ಷದ ಅತಿಥಿ ಉಪನ್ಯಾಸಕರಿಗೇ ಆ ಕೆಲಸ ಕೊಟ್ಟು ದಿನಕ್ಕಿಷ್ಟು ಅಂತ ಸಂಭಾವನೆ ಕೊಡಿ. ವಿಷಯ ಅಲ್ಲಿ ಗಟ್ಟಿ ಮಾಡಿಕೊಂಡು, ಚೀಟಿಯಲ್ಲಿ ಬರೆಸಿಕೊಂಡು ನನ್ನ ಹತ್ತಿರ ಬರಲಿ, ನಾನು ಟೈಪ್ ಮಾಡಿಕೊಡುತ್ತೇನೆ. ಬೆಂಚು ಇಲ್ಲ ಅಂದರೆ ನನ್ನ ಅಂಗಡಿಯದ್ದೇ ಒಂದು ಕಳಿಸುತ್ತೇನೆ.

- ಜೆರಾಕ್ಸ್ ಅಂಗಡಿಯವ, ಬೆಂಗಳೂರು