ಶಿವು, ಆ ಕಾರ್ಡಿಗೆ ಈಗ ಅರ್ಜಿ ಹಾಕಬೇಡ

ಪ್ರೀತಿಯ ಶಿವು,

ನಿನ್ನ ಮೆಸೇಜಿಗೆ ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ಫಿಲಡೆಲ್ಫಿಯಾ ಸುತ್ತಮುತ್ತಲಿನ ನಮ್ಮವರು ಇನ್ನೂ ಕೆಲವರು ಇದನ್ನೇ ನನ್ನ ಕಿವಿಯಲ್ಲಿ ಕೇಳಿದ್ದಾರೆ. ನಾಲ್ಕು ಜನರೆದುರು ಕೇಳಲು ಯಾರಿಗೂ ಬಾಯಿ ಬರುವುದಿಲ್ಲ. ಅದಕ್ಕೇ ನಿನ್ನ ಒಪ್ಪಿಗೆ ಪಡೆದು, ಹೆಸರು ಬದಲಿಸಿ, ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

"ಅಕ್ಕಗ ಮೆಡಿಕಲ್ ಮರಿಜುವಾನಾ ಕಾರ್ಡ್ ಸಿಕ್ಕದಂದ್ರ ನನಗ್ಯಾಕ ಸಿಗಂಗಿಲ್ಲ?" ಅಂತ ಕೇಳಿದ್ದೀಯ. ಔಷಧಿಯಾಗಿ ಗಾಂಜಾ ಕೊಳ್ಳಲು ರಾಜ್ಯ ಕೊಡುವ ಆ ಕಾರ್ಡ್ ನಿನಗೂ ಸಿಗುತ್ತದೆ ಮಾರಾಯ. ಬೆನ್ನಿನ ಡಿಸ್ಕ್ ಜಾರಿ, ಸೊಂಟದಿಂದ ಹಿಮ್ಮಡಿಯವರೆಗೂ ನರ ಎಳೆಯುವ ನೋವಿನಲ್ಲಿ ವರ್ಷಗಟ್ಟಲೆ ಒದ್ದಾಡುತ್ತಿರುವವನಿಗೆ ಪೆನ್ಸಿಲ್ವೇನಿಯಾ ರಾಜ್ಯ ಇಲ್ಲ ಅನ್ನುವುದಿಲ್ಲ. ಆದರೆ ನಿನ್ನ ಗ್ರೀನ್ ಕಾರ್ಡ್ ಇನ್ನೂ ಕ್ಯೂನಲ್ಲಿದೆ. ಈ ಎರಡು ಕಾರ್ಡುಗಳಿಗೆ ಒಂದನ್ನು ಕಂಡರೆ ಇನ್ನೊಂದಕ್ಕೆ ಆಗುವುದಿಲ್ಲ. ನಾನು ಬೇಡ ಅನ್ನುವುದು ಅದಕ್ಕೆ. ಗಾಂಜಾ ಅಂದ ಕೂಡಲೇ ಮೂಗು ಮುರಿಯುವ ಹಿರಿಯಣ್ಣನ ಬುದ್ಧಿಮಾತು ಅಂದುಕೊಳ್ಳಬೇಡ.

ಮೊದಲು ಇವಳಿಗೆ, ಅಂದರೆ ನೀನು ಅಕ್ಕ ಅನ್ನುವ ನನ್ನ ಹೆಂಡತಿಗೆ, ಸಿಕ್ಕಿದ್ದು ಹೇಗೆ ಅಂತ ಹೇಳಿಬಿಡುತ್ತೇನೆ. ಕೀಮೋ ಮುಗಿದ ಮೇಲೆ ಪಾದಗಳಲ್ಲಿ ಉರಿ, ಜೋಮು. ರಾತ್ರಿ ಹೊದಿಕೆ ತಾಗಿದರೂ ಚುಚ್ಚಿದ ಹಾಗೆ. ಗ್ಯಾಬಪೆಂಟಿನ್ ಕೊಟ್ಟರು, ಹಗಲೆಲ್ಲ ತೂಕಡಿಕೆ. ಕೊನೆಗೆ ಕ್ಯಾನ್ಸರ್ ಡಾಕ್ಟರೇ "ಬೇಕಿದ್ದರೆ ಇದನ್ನೂ ನೋಡಿ" ಅಂದರು. ಅವರು ಸಹಿ ಹಾಕುವಂತಿರಲಿಲ್ಲ, ಏಕೆಂದರೆ ಇಲ್ಲಿ ಎಲ್ಲ ಡಾಕ್ಟರೂ ಇದಕ್ಕೆ ಸಹಿ ಹಾಕುವುದಿಲ್ಲ. ರಾಜ್ಯದ ಆರೋಗ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಿ, ನಾಲ್ಕು ಗಂಟೆಯ ತರಬೇತಿ ಮುಗಿಸಿದವರೇ ಆಗಬೇಕು. ಅಂಥ ಒಬ್ಬರ ಹತ್ತಿರ ಹಳೆಯ ರಿಪೋರ್ಟುಗಳನ್ನೆಲ್ಲ ಕಳಿಸಿ, ವಿಡಿಯೋ ಕಾಲಿನಲ್ಲಿ ಮಾತಾಡಿದೆವು. ಆ ಡಾಕ್ಟರ ಫೀಸನ್ನು ಇನ್ಶೂರೆನ್ಸ್ ಕೊಡುವುದಿಲ್ಲ, ಆಮೇಲೆ ಕೊಳ್ಳುವ ಔಷಧಿಗೂ ಕೊಡುವುದಿಲ್ಲ. ಕಾರ್ಡಿಗೆ ವರ್ಷಕ್ಕೆ 50 ಡಾಲರ್ ರಾಜ್ಯಕ್ಕೆ ಕಟ್ಟಬೇಕು. ಮೆಡಿಕೇಡ್‌ನಂಥ ಬಡವರ ಆರೋಗ್ಯ ಯೋಜನೆಗಳಲ್ಲಿ ಇರುವವರಿಗೆ ಅದರಲ್ಲಿ ರಿಯಾಯಿತಿ ಉಂಟು.

ಇನ್ನೊಂದು ವಿಷಯ. ಡಾಕ್ಟರು ಕೊಡುವುದು ಔಷಧಿ ಚೀಟಿ ಅಲ್ಲ. "ಈ ವ್ಯಕ್ತಿಗೆ ಪಟ್ಟಿಯಲ್ಲಿರುವ ಇಂಥ ಕಾಯಿಲೆ ಇದೆ" ಎಂಬ ಪ್ರಮಾಣಪತ್ರ ಅಷ್ಟೆ. ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಎಷ್ಟು ದಿನ ಅನ್ನುವುದನ್ನು ಬಹುಪಾಲು ಡಿಸ್ಪೆನ್ಸರಿಯಲ್ಲೇ (ಇದನ್ನು ಮಾರುವ ಪರವಾನಗಿಯ ಅಂಗಡಿ) ಕೇಳಿ ತಿಳಿಯಬೇಕು. ಅದರ ಒಳಗೆ ಕಾರ್ಡ್ ಇದ್ದವರಿಗೆ ಮಾತ್ರ ಪ್ರವೇಶ, ನಾನು ಕಾರಿನಲ್ಲೇ ಕೂತಿದ್ದೆ. ನಾಲಿಗೆಯಡಿ ಹಾಕಿಕೊಳ್ಳುವ ಹನಿ, ಕ್ಯಾಪ್ಸೂಲ್, ಹಚ್ಚಿಕೊಳ್ಳುವ ಮುಲಾಮು, ಎಲ್ಲ ಸಿಗುತ್ತವೆ. 2018ರಿಂದ ಒಣಗಿದ ಹೂವನ್ನೂ ಮಾರುತ್ತಾರೆ, ಆದರೆ ಕಾನೂನಿನ ಪ್ರಕಾರ ಅದನ್ನು ಸುಟ್ಟು ಸೇದುವಂತಿಲ್ಲ, ಬಿಸಿ ಮಾಡಿ ಆವಿಯನ್ನಷ್ಟೇ ಎಳೆದುಕೊಳ್ಳಬೇಕು. ಮನೆಯಲ್ಲಿ ಯಾರು ಬಂದು ನೋಡುತ್ತಾರೋ ಗೊತ್ತಿಲ್ಲ!

ಇವಳಿಗೆ ಗುಣ ಕಂಡಿತೇ? ನೋವು ಹೋಗಲಿಲ್ಲ. ನೋವಿದ್ದರೂ ನಿದ್ದೆ ಬರುವ ಹಾಗಾಯಿತು. ನಮ್ಮ ಮನೆಯಲ್ಲಿ ಅದೇ ದೊಡ್ಡದು, ಆದರೆ ವಾಟ್ಸಾಪಿನಲ್ಲಿ ಓಡಾಡುವ ಪವಾಡದ ಕಥೆಗಳಿಗೂ ಇದಕ್ಕೂ ಸಂಬಂಧವಿಲ್ಲ. 2017ರಲ್ಲಿ ಅಮೆರಿಕದ ನ್ಯಾಷನಲ್ ಅಕಾಡೆಮೀಸ್ ಹೊರತಂದ ದೊಡ್ಡ ವರದಿ ಕೂಡ ವಯಸ್ಕರ ದೀರ್ಘಕಾಲದ ನೋವಿಗೆ ಗಾಂಜಾದಿಂದ ಉಪಯೋಗವಿದೆ ಎನ್ನಲು ಗಟ್ಟಿ ಆಧಾರವಿದೆ ಎಂದಿತು. ಇನ್ನೂ ಎಷ್ಟೋ ಕಾಯಿಲೆಗಳಿಗೆ ಆಧಾರ ಸಾಲದು ಎಂದೂ ಹೇಳಿತು. ಅಂದರೆ ನಿನ್ನ ಆಸೆ ಹುಚ್ಚು ಆಸೆಯೇನಲ್ಲ.

ಇನ್ನು ಆ ಕಾಯಿಲೆಗಳ ಪಟ್ಟಿ. ಗವರ್ನರ್ ಟಾಮ್ ವುಲ್ಫ್ 2016ರ ಏಪ್ರಿಲ್‌ನಲ್ಲಿ ಸಹಿ ಹಾಕಿದ ಕಾಯ್ದೆ ಅದು. ಕ್ಯಾನ್ಸರ್, ಮೂರ್ಛೆರೋಗ, ಪಾರ್ಕಿನ್ಸನ್ಸ್, ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್), ಗ್ಲಾಕೋಮಾ, ಎಚ್‌ಐವಿ, ಕ್ರೋನ್ಸ್, ಆಟಿಸಂ, ಸಿಕಲ್ ಸೆಲ್, ನರಸಂಬಂಧಿ ಕಾಯಿಲೆಗಳು, ತೀವ್ರ ದೀರ್ಘಕಾಲದ ನೋವು, ಹೀಗೆ ಸಾಗುತ್ತದೆ. 2019ರಲ್ಲಿ ಆತಂಕದ ಕಾಯಿಲೆಯೂ ಸೇರಿತು. ಅಲ್ಲಿಂದ ಬಾಗಿಲು ಅಗಲವಾಯಿತು ಅನ್ನುವುದು ನನ್ನ ಅನಿಸಿಕೆ, ಏಕೆಂದರೆ ಈ ದೇಶದಲ್ಲಿ, ಅದರಲ್ಲೂ ವೀಸಾದ ಮೇಲಿರುವ ನಮ್ಮವರಲ್ಲಿ, ಆತಂಕ ಇಲ್ಲದವರು ಯಾರು? ನಿದ್ದೆ ಬಾರದ ಕಾಯಿಲೆ ಮಾತ್ರ ಪಟ್ಟಿಯಲ್ಲಿಲ್ಲ. ಇಂಥ ಪಟ್ಟಿಗಳಲ್ಲಿ ವೈದ್ಯಶಾಸ್ತ್ರದಷ್ಟೇ ರಾಜಕೀಯವೂ ಇರುತ್ತದೆ. ಪೆನ್ಸಿಲ್ವೇನಿಯಾದಲ್ಲಿ ಕಾನೂನು ಬೇಕೆಂದು ವರ್ಷಗಟ್ಟಲೆ ರಾಜ್ಯದ ರಾಜಧಾನಿ ಹ್ಯಾರಿಸ್‌ಬರ್ಗ್‌ಗೆ ಓಡಾಡಿದವರಲ್ಲಿ ಫಿಟ್ಸ್ ಬರುವ ಮಕ್ಕಳ ಅಮ್ಮಂದಿರೇ ಮುಂದಿದ್ದರು. ಮೂರ್ಛೆರೋಗ ಆ ಪಟ್ಟಿಗೆ ಬಂದದ್ದು ಸುಮ್ಮನೆ ಅಲ್ಲ.

ಈಗ ನಿನ್ನ ವಿಷಯ. ಅರ್ಜಿಯಲ್ಲಿ ರಾಜ್ಯ ನೋಡುವುದು ನೀನು ಪೆನ್ಸಿಲ್ವೇನಿಯಾದ ವಾಸಿಯೋ ಅಲ್ಲವೋ ಎಂದು. ಇಲ್ಲಿನ ಡ್ರೈವಿಂಗ್ ಲೈಸೆನ್ಸ್ ತೋರಿಸಿದರೆ ಮುಗಿಯಿತು. ನೀನು ಪ್ರಜೆಯೋ ಎಚ್-1ಬಿ ಕೆಲಸದ ವೀಸಾದವನೋ ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ. ಅದಕ್ಕೇ ನಮ್ಮವರು "ಸರ್ಕಾರವೇ ಕೊಟ್ಟ ಕಾರ್ಡು, ಇನ್ನೇನು ಭಯ" ಅಂದುಕೊಳ್ಳುತ್ತಾರೆ. ಕೊಟ್ಟಿದ್ದು ರಾಜ್ಯ ಸರ್ಕಾರ. ಗ್ರೀನ್ ಕಾರ್ಡ್ ಕೊಡಬೇಕಾದ್ದು ಫೆಡರಲ್ ಸರ್ಕಾರ. 1970ರ ಫೆಡರಲ್ ಕಾಯ್ದೆ ಗಾಂಜಾವನ್ನು ಹೆರಾಯಿನ್ ಇರುವ, ಮಾದಕ ವಸ್ತುಗಳ ಅತಿ ಕಟ್ಟುನಿಟ್ಟಿನ ಮೊದಲನೇ ಪಟ್ಟಿಯಲ್ಲೇ ಕೂರಿಸಿತು. ಅದನ್ನು ಮೂರನೇ ಪಟ್ಟಿಗೆ ಇಳಿಸುವ ಪ್ರಸ್ತಾಪವನ್ನು 2024ರಲ್ಲಿ ಹೊರಡಿಸಿದರು, ನೀನೂ ಸುದ್ದಿ ಕಳಿಸಿದ್ದೆ. ಆದರೆ ಮೂರನೇ ಪಟ್ಟಿಯೂ ನಿಯಂತ್ರಿತ ವಸ್ತುಗಳ ಪಟ್ಟಿಯೇ. ವಲಸೆ ಕಾನೂನು ಎಷ್ಟನೇ ಪಟ್ಟಿ ಎಂದು ಕೇಳುವುದಿಲ್ಲ, ಪಟ್ಟಿಯಲ್ಲಿದೆಯೇ ಎಂದಷ್ಟೇ ಕೇಳುತ್ತದೆ.

ಗ್ರೀನ್ ಕಾರ್ಡಿನ ಐ-485 ಅರ್ಜಿ ತುಂಬುವ ದಿನ ಬಂದಾಗ ಅದರಲ್ಲಿ ಒಂದು ಪ್ರಶ್ನೆ ಇರುತ್ತದೆ: ಯಾವುದೇ ರಾಜ್ಯದ, ಅಮೆರಿಕದ ಅಥವಾ ಬೇರೆ ದೇಶದ ಮಾದಕ ವಸ್ತು ಕಾನೂನನ್ನು ಎಂದಾದರೂ ಮೀರಿದ್ದೀರಾ? ಅದರ ಜೊತೆ ಐ-693 ವೈದ್ಯಕೀಯ ಪರೀಕ್ಷೆ. ಅಲ್ಲಿ ಸಿವಿಲ್ ಸರ್ಜನ್, ಅಂದರೆ ಈ ಪರೀಕ್ಷೆಗೆ ವಲಸೆ ಇಲಾಖೆ ಒಪ್ಪಿದ ಡಾಕ್ಟರು, ಮಾದಕ ವಸ್ತು ಬಳಕೆಯ ಬಗ್ಗೆ ನೇರವಾಗಿ ಕೇಳುತ್ತಾರೆ. "ಹೌದು, ಬೆನ್ನುನೋವಿಗೆ ತಗೊಳ್ತೀನಿ, ಕಾರ್ಡ್ ಇದೆ" ಅಂತ ನೀನು ಪ್ರಾಮಾಣಿಕವಾಗಿ ಹೇಳಿದೆ ಅಂತಿಟ್ಟುಕೋ. ವಲಸೆ ಕಾನೂನಿನಲ್ಲಿ ಕೋರ್ಟು ಶಿಕ್ಷೆ ಕೊಟ್ಟಿರಲೇಬೇಕು ಅಂತಿಲ್ಲ, ಅಪರಾಧದ ಅಂಶಗಳನ್ನು ನೀನೇ ಬಾಯಿಬಿಟ್ಟು ಒಪ್ಪಿಕೊಂಡರೂ ಅರ್ಜಿ ತಿರಸ್ಕಾರಕ್ಕೆ ಸಾಕಾಗಬಹುದು. ಇಲ್ಲ ಅಂತ ಸುಳ್ಳು ಹೇಳಿದೆಯೋ, ಅದು ಇನ್ನೂ ಕೆಟ್ಟದ್ದು. ಸುಳ್ಳು ಹೇಳಿ ಸೌಲಭ್ಯ ಪಡೆಯಲು ನೋಡಿದ ಎಂಬ ಕಲೆ ಜೀವನಪರ್ಯಂತ ಅಂಟಿಕೊಳ್ಳುತ್ತದೆ. ಅತ್ತ ದರಿ, ಇತ್ತ ಪುಲಿ.

ನಿನ್ನ ಆಫೀಸಿನ ಆ ಹುಡುಗ ಕಾರ್ಡ್ ತಗೊಂಡು ವರ್ಷವಾದರೂ ಏನೂ ಆಗಿಲ್ಲ ಅಂದೆಯಲ್ಲ, ಅದು ನಿಜವಿರಬಹುದು. ರಾಜ್ಯದ ರೋಗಿಗಳ ಪಟ್ಟಿ ಗೌಪ್ಯ. ವಲಸೆ ಇಲಾಖೆಯವರು ಅದನ್ನು ದಿನವೂ ತೆರೆದು ನೋಡುತ್ತಾ ಕೂತಿಲ್ಲ. ಆದರೆ ಅವನು ಇನ್ನೂ ಆ ಪ್ರಶ್ನೆಯ ಎದುರು ಸಹಿ ಹಾಕಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೂ ಮುಗಿಯಲಿಲ್ಲ. ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಗಾಂಜಾ ಬಳಕೆ ಪೌರತ್ವಕ್ಕೆ ಬೇಕಾದ "ಸನ್ನಡತೆ"ಗೆ ಅಡ್ಡಿಯಾಗಬಹುದು ಎಂದು ವಲಸೆ ಇಲಾಖೆಯಾದ ಯುಎಸ್‌ಸಿಐಎಸ್ 2019ರ ಏಪ್ರಿಲ್‌ನಲ್ಲಿ ಲಿಖಿತವಾಗಿಯೇ ಹೇಳಿದೆ. ಇವಳು ಧೈರ್ಯವಾಗಿ ಅರ್ಜಿ ಹಾಕಿದ್ದು ನಾವಿಬ್ಬರೂ ಪ್ರಜೆಗಳಾಗಿ ವರ್ಷಗಳಾಗಿದ್ದವು ಎಂಬ ಕಾರಣಕ್ಕೆ. ಒಂದೇ ಊರು, ಒಂದೇ ನೋವು, ಒಂದೇ ಡಿಸ್ಪೆನ್ಸರಿ, ಆದರೆ ಪಾಸ್‌ಪೋರ್ಟ್ ಬೇರೆ. ಇದು ನ್ಯಾಯವೇ ಅಂದರೆ ಅಲ್ಲ. ನರಕ್ಕೆ ವೀಸಾ ಗೊತ್ತಿಲ್ಲ. ಆದರೂ ನಿನ್ನ ಇಷ್ಟು ವರ್ಷದ ಕಾಯುವಿಕೆಯನ್ನು ಈ ಅನ್ಯಾಯದ ವಿರುದ್ಧ ಪಣಕ್ಕಿಡು ಅಂತ ನಾನು ಹೇಳಲಾರೆ.

"ಹಂಗಾದ್ರ ಕಾರ್ಡೇ ಬ್ಯಾಡ, ಬ್ರಿಜ್ ದಾಟಿ ನ್ಯೂಜೆರ್ಸಿಗೆ ಹೋಗಿ ತಗೊಂಡ್ರಾತು" ಅಂತ ನಗುತ್ತಾ ಬರೆದಿದ್ದೀಯ. ಅಲ್ಲಿ 2022ರ ಏಪ್ರಿಲ್‌ನಿಂದ 21 ತುಂಬಿದ ಯಾರಿಗಾದರೂ ಮಾರುತ್ತಾರೆ, ನಿಜ. ಆದರೆ ಡೆಲವೇರ್ ನದಿಯ ಮೇಲಿನ ಸೇತುವೆಯಲ್ಲಿ ಅದನ್ನು ಈಚೆ ತಂದರೆ ರಾಜ್ಯದ ಗಡಿ ದಾಟಿಸಿದ ಫೆಡರಲ್ ಅಪರಾಧ. ಕಾರ್ಡಿಲ್ಲದೆ ಇಟ್ಟುಕೊಂಡರೆ ಪೆನ್ಸಿಲ್ವೇನಿಯಾದಲ್ಲೂ ಅಪರಾಧ. ಒಂದರ ಬದಲು ಎರಡು.

ಕಾರು ಓಡಿಸುವ ವಿಷಯ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಪೆನ್ಸಿಲ್ವೇನಿಯಾದ ಡಿಯುಐ (ಅಮಲಿನಲ್ಲಿ ಗಾಡಿ ಓಡಿಸುವ ಅಪರಾಧ) ಕಾನೂನು ಬರೆದಿರುವ ರೀತಿಯಲ್ಲಿ, ರಕ್ತದಲ್ಲಿ ಗಾಂಜಾದ ಅಮಲಿನ ವಸ್ತುವಾದ ಟಿಎಚ್‌ಸಿಯ ಅಂಶ ಸಿಕ್ಕರೇ ಕೇಸು. ಅಮಲಿನಲ್ಲಿದ್ದೆ ಎಂದು ತೋರಿಸಬೇಕಾಗಿಲ್ಲ. ದಿನವೂ ಬಳಸುವವರ ರಕ್ತದಲ್ಲಿ ಅಮಲು ಇಳಿದ ಎಷ್ಟೋ ದಿನಗಳ ಮೇಲೂ ಆ ಅಂಶ ಉಳಿದಿರುತ್ತದೆ. ಕಾರ್ಡ್ ಇದ್ದವರೂ ಸಿಕ್ಕಿಬಿದ್ದಿದ್ದಾರೆ. ಇವಳು ಹೆದ್ದಾರಿಯಲ್ಲಿ ಓಡಿಸುವುದನ್ನೇ ಬಿಟ್ಟಿದ್ದಾಳೆ, ನನಗೆ ಡ್ರೈವರ್ ಕೆಲಸ. ನಿನ್ನ ಹಾಗೆ ದಿನಾ ರೂಟ್ 202ರಲ್ಲಿ ಆಫೀಸಿಗೆ ಹೋಗುವವನಿಗೆ ಅದು ಸಾಧ್ಯವೇ? ಡಿಯುಐನಲ್ಲಿ ಬಂಧನವಾದರೆ, ಕೇಸು ಇನ್ನೂ ತೀರ್ಮಾನವಾಗದಿದ್ದರೂ, ಪಾಸ್‌ಪೋರ್ಟಿನಲ್ಲಿರುವ ವೀಸಾವನ್ನು ವಿದೇಶಾಂಗ ಇಲಾಖೆ ರದ್ದು ಮಾಡಬಹುದು. ಆಮೇಲೆ ಊರಿಗೆ ಹೋದವನು ಕಾನ್ಸುಲೇಟಿನ ಬಾಗಿಲು ಕಾಯಬೇಕು.

ಊರು ಅಂದಾಗ ನೆನಪಾಯಿತು. ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾವನ್ನೇ ಪ್ರಸಾದವಾಗಿ ಕೊಡುತ್ತಾರೆ, ನಮ್ಮಜ್ಜ ಅಲ್ಲೇ ಕೂತು ಸೇದುತ್ತಿದ್ದ, ಅವನ ಬೆನ್ನು ಎಂಬತ್ತರಲ್ಲೂ ನೆಟ್ಟಗಿತ್ತು ಅಂತ ವಾದ ಹೂಡಿದ್ದೀಯ. ಅಜ್ಜ ಹೊಲದಲ್ಲಿ ದುಡಿದವನು, ನೀನು ದಿನಕ್ಕೆ ಹನ್ನೆರಡು ತಾಸು ಲ್ಯಾಪ್‌ಟಾಪಿನ ಮುಂದೆ ಬಾಗಿದವನು; ಬೆನ್ನಿನ ಪುಣ್ಯ ಗಾಂಜಾಕ್ಕೆ ಸೇರುವುದಿಲ್ಲ. ಭಕ್ತಿಯ ಮಾತು ಬೇರೆ, ಭಾರತದ ಕಾನೂನು ಬೇರೆ. 1985ರ ಮಾದಕ ವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಹೂವಿನ ತೆನೆ ಗಾಂಜಾ, ಬರೀ ಎಲೆ ಗಾಂಜಾ ಅಲ್ಲ. ಭಂಗಿಗೆ ಉಳಿದಿರುವ ಸಂದು ಅದು. 2022ರಲ್ಲಿ ಕರ್ನಾಟಕ ಹೈಕೋರ್ಟು ಜಾಮೀನು ಕೊಡುವಾಗ ಹೇಳಿದ್ದೂ ಅದನ್ನೇ. ಇಲ್ಲಿನ ಡಿಸ್ಪೆನ್ಸರಿಯ ಟಿಎಚ್‌ಸಿ ಶೀಷೆಗೆ ಆ ಸಂದು ಇಲ್ಲ. ಅದನ್ನು ಸೂಟ್‌ಕೇಸಿನಲ್ಲಿಟ್ಟುಕೊಂಡು ಬೆಂಗಳೂರಿನಲ್ಲಿ ಇಳಿದರೆ ಪೆನ್ಸಿಲ್ವೇನಿಯಾದ ಕಾರ್ಡಿಗೆ ಅಲ್ಲಿ ಬೆಲೆಯೇ ಇಲ್ಲ. ಇವಳು ಕಳೆದ ಬಾರಿ ಮೈಸೂರಿಗೆ ಹೋದಾಗ ಒಂದು ಹನಿಯನ್ನೂ ಒಯ್ಯಲಿಲ್ಲ, ರಾತ್ರಿಗಳು ಕಷ್ಟವಾಗಿಯೇ ಕಳೆದವು.

ಪೆಟ್ರೋಲ್ ಬಂಕಿನಲ್ಲಿ ಸಿಗುವ ಗಮ್ಮಿಗಳ ತಂಟೆಗೂ ಹೋಗಬೇಡ. ಡೆಲ್ಟಾ-8 ಅಂತ ಇರುವುದೂ ಟಿಎಚ್‌ಸಿಯ ತಮ್ಮನೇ. ಲೇಬಲ್ಲಿನಲ್ಲಿ ಬರೆದಷ್ಟೇ ಒಳಗಿದೆ ಅಂತ ಯಾರೂ ಭರವಸೆ ಕೊಡಲಾರರು, ಆಫೀಸಿನ ಮೂತ್ರ ಪರೀಕ್ಷೆಗೆ ಅದೂ ಇದೂ ಒಂದೇ.

ಹಾಗಾದರೆ ನೋವಿಗೇನು ಮಾಡಲಿ ಅಂತೀಯ. ಫಿಸಿಯೋಥೆರಪಿಯನ್ನು ಎರಡು ವಾರಕ್ಕೇ ಬಿಟ್ಟೆಯಂತೆ, ನಿನ್ನ ಹೆಂಡತಿ ಹೇಳಿದಳು. ಅದನ್ನು ಮತ್ತೆ ಶುರು ಮಾಡು. ಪೇನ್ ಕ್ಲಿನಿಕ್‌ನಲ್ಲಿ ಬೆನ್ನಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಬಗ್ಗೆ ವಿಚಾರಿಸು, ಡ್ಯುಲೋಕ್ಸೆಟಿನ್ ಹೊಂದುತ್ತದೆಯೇ ಕೇಳು. ಇವೆಲ್ಲ ಚೀಟಿಯ ಔಷಧಿಗಳು, ಯಾವ ಫಾರಂನಲ್ಲಿ ಬರೆದರೂ ತೊಂದರೆಯಿಲ್ಲ.

ಈಗಾಗಲೇ ರಾಜ್ಯದ ವೆಬ್‌ಸೈಟಿನಲ್ಲಿ ಅರ್ಧ ತುಂಬಿದ್ದೀನಿ ಅಂದೆಯಲ್ಲ, ಅದನ್ನು ಅಲ್ಲೇ ನಿಲ್ಲಿಸು. ಡಾಕ್ಟರ ಅಪಾಯಿಂಟ್‌ಮೆಂಟ್ ರದ್ದು ಮಾಡು. ನಿಮ್ಮ ಕಂಪನಿಯ ವಕೀಲರು ಕಂಪನಿಯ ವಕೀಲರು, ಅವರಿಗೆ ಇದನ್ನು ಬಾಯಿಬಿಡಬೇಡ. ನಿನ್ನದೇ ದುಡ್ಡು ಕೊಟ್ಟು ಬೇರೆ ವಲಸೆ ವಕೀಲರನ್ನು ನೋಡು. ಮೊದಲೆಂದಾದರೂ ಬಳಸಿದ್ದರೆ ಅದನ್ನೂ ಅವರಿಗೇ ಹೇಳು, ನನಗೆ ಬರೆಯಬೇಡ. ನಮಗೆ ಗೊತ್ತಿರುವ ಒಬ್ಬರ ನಂಬರನ್ನು ಇವಳು ಸಂಜೆ ಕಳಿಸುತ್ತಾಳೆ.

ನಿನ್ನ,
ಗೆಳೆಯ