ಜರ್ಮನ್ ಬಾಕುಗಳ ಫೋಟೊ ಹಾಕುವವರ ಗಮನಕ್ಕೆ

ಗೆಳೆಯರೇ, 1935ರ ಮಾದರಿಯ ಜರ್ಮನ್ ಭೂಸೇನಾಧಿಕಾರಿಗಳ ಬಾಕು ಅಸಲಿಯೇ ಅಂತ ಕೇಳುವಾಗ ಒಂದೇ ಫೋಟೊ ಹಾಕಿ ಬಿಡಬೇಡಿ. ಅಲಗಿನ ಬುಡದಲ್ಲಿರುವ ತಯಾರಕರ ಮುದ್ರೆ ಹತ್ತಿರದಿಂದ ಕಾಣಬೇಕು. ಜೋಲಿಂಗನ್ ಊರಿನ ಐಕ್‌ಹಾರ್ನ್‌ ತಯಾರಿಕೆಯಾದರೆ ಅಳಿಲು, ಡಬ್ಲ್ಯುಕೆಸಿ ಎಂಬ ಇನ್ನೊಂದು ಕಂಪನಿಯದಾದರೆ ಶಿರಸ್ತ್ರಾಣ ತೊಟ್ಟ ಯೋಧನ ತಲೆ. ಆದರೆ ನಕಲಿಯವರೂ ಅದೇ ಅಳಿಲು ಕೊರೆಯುತ್ತಾರೆ, ಮುದ್ರೆಯೊಂದನ್ನೇ ನಂಬಿ ದುಡ್ಡು ಕೊಡಬೇಡಿ.

ಸೆಲ್ಯುಲಾಯ್ಡ್ (ಹಳೆ ಕಾಲದ ಪ್ಲಾಸ್ಟಿಕ್) ಹಿಡಿ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಅದು ವಯಸ್ಸಿನ ಬಣ್ಣ, ಹಾಗೇ ಇರಲಿ. ಗಾಳಿಯಾಡದ ಡಬ್ಬಿಯಲ್ಲಂತೂ ಇಡಲೇಬೇಡಿ; ಹಳೆ ಸೆಲ್ಯುಲಾಯ್ಡ್ ಬಿಡುವ ಆಮ್ಲ ಲೋಹವನ್ನು ತಿನ್ನುತ್ತದೆ. ಪಾಲಿಶ್ ಕೂಡ ಬೇಡ. ನಾನು ಉಜ್ಜಿ ಉಜ್ಜಿ ಹಿಡಿಯ ಕೆಳಗಿನ ಅಡ್ಡಪಟ್ಟಿಯಲ್ಲಿರುವ ಹದ್ದಿನ ಗರಿಗಳ ಗೆರೆಯನ್ನೇ ಅಳಿಸಿಬಿಟ್ಟೆ, ಇವತ್ತಿಗೂ ಸಂಕಟವಾಗುತ್ತದೆ.

ಆ ಹದ್ದಿನ ಕಾಲಲ್ಲಿರುವುದು ನಾಜಿಗಳ ಸ್ವಸ್ತಿಕ. ಹಿಟ್ಲರನನ್ನು ಹೊಗಳುವ ಸಂದೇಶ ಬಂದರೆ ಕೇಳದೆ ಅಳಿಸುತ್ತೇನೆ.