ಸಾಫ್ಟ್‌ವೇರ್ ಬಿಟ್ಟು ರಿಹ್ಯಾಬ್ ಕೌನ್ಸೆಲಿಂಗ್ ಓದಲು ಹೊರಟ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಓದಿ ತುಂಬಾ ಖುಷಿಯಾಯಿತು. ಇಲ್ಲಿ ಅಮೆರಿಕದಲ್ಲಿ ನಾನು ಮಾಡುತ್ತಿರುವ ರಿಹ್ಯಾಬ್ ಕೌನ್ಸೆಲಿಂಗ್ ಕೆಲಸಕ್ಕೆ, ಅಂದರೆ ಅಂಗವಿಕಲರು ತಮಗೆ ಬೇಕಾದ ಉದ್ಯೋಗ ಹಿಡಿಯಲು ಜೊತೆಗಿರುವ ಕೆಲಸಕ್ಕೆ, ನೀನೂ ಬರಬೇಕು ಅಂದುಕೊಂಡಿದ್ದೀಯಲ್ಲ, ಅದಕ್ಕೆ. ಫೋನಿನಲ್ಲಿ ಎಲ್ಲ ಹೇಳಲು ಆಗುವುದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಇದೇ ದಾರಿ ಹುಡುಕುತ್ತಿರುವ ಬೇರೆಯವರಿಗೂ ಉಪಯೋಗವಾಗಲಿ ಎಂದು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಕಾರಣ ಕೇಳಿದ್ದಕ್ಕೆ ನೀನು 'ಅಂಗವಿಕಲರಿಗೆ ಸಹಾಯ ಮಾಡಬೇಕು' ಅಂದೆ. ಆಸೆ ಒಳ್ಳೆಯದೇ. ಆದರೆ ಈ ಕೋರ್ಸಿನಲ್ಲಿ ಕಲಿಯಲು ಅತಿ ಕಷ್ಟದ ಪಾಠ ಬೇರೆ ಇದೆ. ಎದುರಿಗೆ ಕೂತವರ ಬದುಕಿನ ತೀರ್ಮಾನವನ್ನು ಅವರ ಕೈಯಲ್ಲೇ ಬಿಡಬೇಕು. ಸಹಾಯ ಮಾಡುವ ಹುಮ್ಮಸ್ಸಿನಲ್ಲಿರುವವರಿಗೆ ಇದು ಇನ್ನೂ ಕಷ್ಟ.

ಅಮೆರಿಕದಲ್ಲಿ ಅಂಗವಿಕಲರ ಹಕ್ಕುಗಳಿಗಾಗಿ ಹೋರಾಡಿದ ಎಡ್ ರಾಬರ್ಟ್ಸ್ ಅವರ ಕಥೆ ನಿನಗೆ ಗೊತ್ತಾ? ಹದಿನಾಲ್ಕನೇ ವಯಸ್ಸಿಗೆ ಪೋಲಿಯೊ ಬಂದು ಕುತ್ತಿಗೆಯಿಂದ ಕೆಳಗೆ ಹೆಚ್ಚುಕಡಿಮೆ ಎಲ್ಲ ಸ್ವಾಧೀನ ತಪ್ಪಿತ್ತು. ರಾತ್ರಿ ಐರನ್ ಲಂಗ್ ಎಂಬ ದೊಡ್ಡ ಉಸಿರಾಟದ ಯಂತ್ರದೊಳಗೆ ಮಲಗಬೇಕು. ಅವರಿಗೆ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದುವ ಆಸೆ. ಓದಿನ ಖರ್ಚಿಗಾಗಿ, ಅಂಗವಿಕಲರಿಗೆ ಉದ್ಯೋಗಕ್ಕೆ ನೆರವಾಗುವ ಕ್ಯಾಲಿಫೋರ್ನಿಯಾದ ಪುನರ್ವಸತಿ ಇಲಾಖೆಗೆ ಹೋದರೆ, ಅಲ್ಲಿನ ಕೌನ್ಸೆಲರ್ 'ಈತ ಎಂದೂ ಕೆಲಸ ಮಾಡಲಾರ' ಎಂದು ಅರ್ಜಿ ತಳ್ಳಿಹಾಕಿದರು. ವಿಷಯ ಪತ್ರಿಕೆಗಳಿಗೆ ಹೋಯಿತು. ಇಲಾಖೆ ಮಣಿಯಿತು. 1962ರಲ್ಲಿ ಅವರು ಬರ್ಕ್ಲಿ ಸೇರಿದರು. ಹಾಸ್ಟೆಲ್ಲಿನಲ್ಲಿ ಆ ಯಂತ್ರಕ್ಕೆ ಜಾಗವಿಲ್ಲದೆ ಕ್ಯಾಂಪಸ್ಸಿನ ಆಸ್ಪತ್ರೆಯಲ್ಲೇ ವಾಸ. ಮುಂದೆ ಎಪ್ಪತ್ತರ ದಶಕದ ನಡುವೆ ಗವರ್ನರ್ ಜೆರ್ರಿ ಬ್ರೌನ್ ಅವರನ್ನು ಯಾವ ಇಲಾಖೆಗೆ ನಿರ್ದೇಶಕರನ್ನಾಗಿ ಮಾಡಿದರು ಗೊತ್ತಾ? ಅದೇ ಪುನರ್ವಸತಿ ಇಲಾಖೆಗೆ!

ಆ ಕೌನ್ಸೆಲರ್ ಕೆಟ್ಟವರೇ ಆಗಿರಬೇಕೆಂದಿಲ್ಲ. ನನ್ನ ಭಯ ಇರುವುದೇ ಅಲ್ಲಿ. ಮೇಜಿನ ಈ ಕಡೆ ಕೂತ ನಮ್ಮಲ್ಲಿ ಯಾರು ಬೇಕಾದರೂ, ಒಳ್ಳೆಯ ಮನಸ್ಸಿನಿಂದಲೇ, ಹಾಗೆ ಬರೆದುಬಿಡಬಹುದು. ಹೊಸ ಅರ್ಜಿಯೊಂದು ಕೈಗೆ ಬಂದಾಗೆಲ್ಲ ನನಗೆ ರಾಬರ್ಟ್ಸ್ ನೆನಪಾಗುತ್ತಾರೆ.

ಈಗ ಇಲ್ಲಿನ ಕಾನೂನು ಬದಲಾಗಿದೆ. ಅಂಗವೈಕಲ್ಯದ ಮೇಲೆ ಸೋಶಿಯಲ್ ಸೆಕ್ಯುರಿಟಿ (ಸರ್ಕಾರದ ಸಾಮಾಜಿಕ ಭದ್ರತೆ) ಹಣ ಪಡೆಯುವವರು ಕೆಲಸ ಬೇಕು ಎಂದು ಬಂದರೆ, ಅರ್ಹರು ಎಂದೇ ತಿಳಿದು ಶುರು ಮಾಡಬೇಕು. ಸಾಮಾನ್ಯವಾಗಿ ಅರ್ಜಿ ಬಂದ 60 ದಿನದೊಳಗೆ ಅರ್ಹತೆ ತೀರ್ಮಾನವಾಗಬೇಕು, ಆಮೇಲೆ 90 ದಿನದೊಳಗೆ ಉದ್ಯೋಗದ ಯೋಜನೆ ಸಿದ್ಧವಾಗಬೇಕು. ಆ ಯೋಜನೆಯನ್ನು ಅವರು ತಾವೇ ಬರೆದುಕೊಂಡು ಬಂದರೂ ಸರಿ. ನಮ್ಮ ಸಹಿಯ ಜೊತೆ ಅವರ ಸಹಿಯೂ ಇರಲೇಬೇಕು.

ಇನ್ನು ಓದಿನ ವಿಷಯ. ಸಿಎಸಿಆರ್‌ಇಪಿ ಎಂಬ, ಕೌನ್ಸೆಲಿಂಗ್ ಕೋರ್ಸುಗಳನ್ನು ಪರಿಶೀಲಿಸುವ ಸಂಸ್ಥೆಯ ಮಾನ್ಯತೆ ಇರುವ ಕೋರ್ಸನ್ನೇ ಹುಡುಕು. 60 ಕ್ರೆಡಿಟ್ ಇರುತ್ತದೆ. ಪೂರ್ತಿ ಸಮಯ ಕೊಟ್ಟರೆ ಎರಡು, ಎರಡೂವರೆ ವರ್ಷ. ಸಂಜೆ ಆನ್‌ಲೈನ್ ಕ್ಲಾಸ್ ನಡೆಸುವವರೂ ಇದ್ದಾರೆ. ಕೌನ್ಸೆಲಿಂಗ್ ಸಿದ್ಧಾಂತ, ನೀತಿ, ಕಾಯಿಲೆಗಳ ಬಗ್ಗೆ ತಿಳಿವಳಿಕೆ, ಉದ್ಯೋಗ ಮಾರುಕಟ್ಟೆ, ಸಂಶೋಧನೆ, ಇವೆಲ್ಲ ನಿನಗೆ ಕಷ್ಟವಾಗಲಾರದು.

ಲೆಕ್ಕಾಚಾರದಲ್ಲಿ ಪಳಗಿದ ನಿನಗೆ ಸರ್ಕಾರಿ ಸವಲತ್ತುಗಳ ಪಾಠ ಇಷ್ಟವಾಗುತ್ತದೆ. 'ಕೆಲಸಕ್ಕೆ ಸೇರಿದರೆ ಬರುವ ಹಣ ನಿಂತುಹೋಗುತ್ತದೆ' ಎಂದು ಹೆದರಿ ಮನೆಯಲ್ಲೇ ಕೂತವರು ತುಂಬಾ ಜನ. ಎಸ್‌ಎಸ್‌ಐ ಎಂದು ಕಡಿಮೆ ಆದಾಯದ ಅಂಗವಿಕಲರಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ಹಣವನ್ನೇ ನೋಡು. ಬೇರೆ ಆದಾಯ ಇಲ್ಲದವರು ದುಡಿದರೆ ಮೊದಲ 85 ಡಾಲರ್ ಲೆಕ್ಕಕ್ಕಿಲ್ಲ, ಉಳಿದದ್ದರಲ್ಲಿ ಅರ್ಧ ಮಾತ್ರ ಕಡಿತ. ತಿಂಗಳಿಗೆ 885 ಡಾಲರ್ ದುಡಿದರೆ 400 ಡಾಲರ್ ಕಡಿತ. ಅಂದರೆ ಕೈಗೆ 485 ಡಾಲರ್ ಜಾಸ್ತಿಯೇ ಬರುತ್ತದೆ. ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಒಬ್ಬ ತಾಯಿಯ ಮುಖದಲ್ಲಿ ಆಗುವ ಬದಲಾವಣೆಯನ್ನು ನೀನೇ ನೋಡಬೇಕು. ಲೆಕ್ಕ ತೋರಿಸಿ ಸುಮ್ಮನಾಗಬೇಕು, ಅಷ್ಟೇ. 'ಹಾಗಾದರೆ ಸೇರಿಕೊಳ್ಳಿ' ಎಂದು ಒತ್ತಾಯಿಸುವುದು ನಮ್ಮ ಕೆಲಸವಲ್ಲ.

ನಿಜವಾದ ಕಲಿಕೆ ಆಗುವುದು ಪ್ರ್ಯಾಕ್ಟಿಕಮ್ ಮತ್ತು ಇಂಟರ್ನ್‌ಶಿಪ್‌ನಲ್ಲಿ. ಪ್ರ್ಯಾಕ್ಟಿಕಮ್, ಅಂದರೆ ಇಂಟರ್ನ್‌ಶಿಪ್‌ಗೆ ಮುಂಚಿನ ಪ್ರಾಯೋಗಿಕ ತರಬೇತಿ, 100 ಗಂಟೆ. ಅದರಲ್ಲಿ ಕನಿಷ್ಠ 40 ಗಂಟೆ ನೆರವು ಕೇಳಿ ಬಂದವರ ಎದುರಿಗೆ ಕೂತು ಮಾತಾಡಬೇಕು. ಇಂಟರ್ನ್‌ಶಿಪ್ 600 ಗಂಟೆ, ಅದರಲ್ಲಿ 240 ಹಾಗೆ. ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿದ ಮಾತುಕತೆಯನ್ನು ಮೇಲ್ವಿಚಾರಕರು ನಿನ್ನ ಜೊತೆ ಕೂತು ಕೇಳುತ್ತಾರೆ. ಎಲ್ಲಿ ನೆರವು ಕೇಳಿ ಬಂದವರ ಮಾತು ಮುಗಿಯುವ ಮುಂಚೆ ಬಾಯಿ ಹಾಕಿದೆ, ಎಲ್ಲಿ ಅವರು ಕೇಳದ ಸಲಹೆ ಕೊಟ್ಟೆ, ಎಲ್ಲಿ ಅವರ ಬದಲು ಜೊತೆಗೆ ಬಂದ ಅಣ್ಣನ ಕಡೆ ನೋಡಿ ಮಾತಾಡಿದೆ, ಎಲ್ಲ ಸಿಕ್ಕಿಬೀಳುತ್ತದೆ. ಹಾಗಾಗಿ ರ‍್ಯಾಂಕಿಂಗ್ ನೋಡಿ ಕಾಲೇಜು ಆರಿಸಬೇಡ. ಇಂಟರ್ನ್‌ಶಿಪ್‌ಗೆ ಎಲ್ಲಿಗೆ ಕಳಿಸುತ್ತಾರೆ, ಅಲ್ಲಿ ಮೇಲ್ವಿಚಾರಣೆ ಯಾರದು ಎಂದು ಕೇಳು. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಅಳತೆಗೋಲು ಇಲ್ಲ.

ನಿನ್ನ ತಮ್ಮನ ವಿಷಯ ಹೇಳಿದ್ದೆಯಲ್ಲ. ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಓಡಾಡಿ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡ್ ಮಾಡಿಸಿಕೊಟ್ಟರು, ಮಾಸಾಶನವೂ ಬರುತ್ತಿದೆ. ಅವರ ಶ್ರಮ ಸಣ್ಣದಲ್ಲ. ಭಾರತದಲ್ಲೂ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಬಂದು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ, ಸರ್ಕಾರಿ ಹುದ್ದೆಗಳಲ್ಲಿ ಶೇಕಡ 4 ಮೀಸಲಾತಿ ಇಟ್ಟಿದೆ. ಆದರೂ 'ನಿನಗೆ ಯಾವ ಕೆಲಸ ಇಷ್ಟ?' ಎಂದು ಅವನನ್ನು ಒಬ್ಬರೂ ಕೇಳಲಿಲ್ಲ ಎಂದು ನೀನೇ ಬೇಜಾರು ಮಾಡಿಕೊಂಡಿದ್ದೆ. ಕಾಲೇಜಿಗೆ ಹಾಕುವ ಅರ್ಜಿಯಲ್ಲಿ ಆ ಮಾತನ್ನೇ ಬರೆ ಮಾರಾಯ. ಅಂದ ಹಾಗೆ, ಈ ಸಲ ಊರಿಗೆ ಹೋದಾಗ ನೀನಾದರೂ ಅವನನ್ನು ಕೇಳು. ಮುಂದೊಂದು ದಿನ ಊರಿಗೆ ಮರಳಿ ಇದೇ ಕೆಲಸ ಮಾಡುವ ಯೋಚನೆ ಇದ್ದರೆ, ಇಲ್ಲಿನ ಪದವಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಿಗುತ್ತದೆಯೇ ಎಂದು ಸೇರುವ ಮುಂಚೆಯೇ ವಿಚಾರಿಸಿಕೋ.

ದುಡ್ಡಿನ ಮಾತು. ಇಲ್ಲಿನ ಕೇಂದ್ರ ಸರ್ಕಾರದ ಆರ್‌ಎಸ್‌ಎ (ಪುನರ್ವಸತಿ ಸೇವೆಗಳನ್ನು ನೋಡಿಕೊಳ್ಳುವ ವಿಭಾಗ) ಕೆಲವು ವಿಶ್ವವಿದ್ಯಾಲಯಗಳಿಗೆ ವಿದ್ಯಾರ್ಥಿವೇತನದ ಹಣ ಕೊಡುತ್ತದೆ. ಸ್ಟೂಡೆಂಟ್ ವೀಸಾದಲ್ಲಿ ಬಂದವರಿಗೆ ಅದು ಸಿಗುವುದಿಲ್ಲ, ಗ್ರೀನ್ ಕಾರ್ಡ್ ಇರುವ ನಿನಗೆ ಸಿಗಬಹುದು. ಒಂದು ವರ್ಷ ಹಣ ಪಡೆದರೆ ಎರಡು ವರ್ಷ ರಾಜ್ಯದ ಪುನರ್ವಸತಿ ಇಲಾಖೆಯಲ್ಲೋ ಅದಕ್ಕೆ ಹೊಂದುವ ಸಂಸ್ಥೆಯಲ್ಲೋ ದುಡಿಯಬೇಕು. ಇಲ್ಲದಿದ್ದರೆ ಅದು ಸಾಲವಾಗಿ ತಲೆ ಮೇಲೆ ಕೂರುತ್ತದೆ. ಈ ವರ್ಷ ಯಾವ ಕಾಲೇಜಿನಲ್ಲಿ ಆ ಹಣ ಇದೆ ಎಂದು ಫೋನ್ ಮಾಡಿಯೇ ಕೇಳು, ವೆಬ್‌ಸೈಟ್ ನಂಬಬೇಡ. ಆಮೇಲೆ ಸಿಆರ್‌ಸಿ, ಅಂದರೆ ರಿಹ್ಯಾಬ್ ಕೌನ್ಸೆಲರ್ ಎಂದು ಸರ್ಟಿಫಿಕೇಟ್ ಪಡೆಯುವ ಪರೀಕ್ಷೆ ಇದೆ. ಪಾಸಾದರೆ ಐದು ವರ್ಷ ಆ ಸರ್ಟಿಫಿಕೇಟ್ ನಡೆಯುತ್ತದೆ. ನವೀಕರಿಸಲು ಅಷ್ಟರೊಳಗೆ 100 ಗಂಟೆ ತರಬೇತಿ ಮುಗಿಸಿರಬೇಕು, ಇಲ್ಲವೇ ಮತ್ತೆ ಪರೀಕ್ಷೆ ಬರೆಯಬೇಕು.

ಸಂಬಳ ಈಗಿನದಕ್ಕಿಂತ ತುಂಬಾ ಕಡಿಮೆಯಾಗುತ್ತದೆ. ಮನೆಯವಳ ಜೊತೆ ಕೂತು ಆ ಲೆಕ್ಕ ಮೊದಲು ಮಾಡು. ಒಬ್ಬ ಕೌನ್ಸೆಲರ್ ಕೈಯಲ್ಲಿ ನೂರಕ್ಕೂ ಹೆಚ್ಚು ಜನರ ಫೈಲ್ ಇರುವುದು ಇಲ್ಲಿ ಮಾಮೂಲು. ಎಲ್ಲಕ್ಕಿಂತ ಸಂಕಟ ಕೊಡುವುದು ಕಾಯುವ ಪಟ್ಟಿ. ಈ ಸೇವೆಯ ಖರ್ಚಿನಲ್ಲಿ ಶೇಕಡ 78.7 ಕೇಂದ್ರದ್ದು, ಉಳಿದದ್ದು ರಾಜ್ಯದ್ದು. ಹಣ ಸಾಲದ ರಾಜ್ಯಗಳಲ್ಲಿ ಹೆಚ್ಚು ತೀವ್ರ ಅಂಗವೈಕಲ್ಯ ಇರುವವರಿಗೆ ಮೊದಲ ಸರದಿ, ಉಳಿದವರು ಕಾಯಬೇಕು. 'ನೀವು ಅರ್ಹರು, ಆದರೆ ಈಗ ಆಗುವುದಿಲ್ಲ' ಎಂದು ಒಬ್ಬ ಮನುಷ್ಯನಿಗೆ ಹೇಳುವುದು ನನಗೆ ಇವತ್ತಿಗೂ ಅಭ್ಯಾಸವಾಗಿಲ್ಲ. ಅಭ್ಯಾಸ ಆಗುವುದೂ ಬೇಡ.

ಇಷ್ಟೆಲ್ಲ ಓದಿದ ಮೇಲೂ ಮನಸ್ಸು ಗಟ್ಟಿಯಾಗಿದ್ದರೆ, ಅರ್ಜಿ ಹಾಕುವ ಮುಂಚೆ ನಿಮ್ಮ ರಾಜ್ಯದ ಪುನರ್ವಸತಿ ಇಲಾಖೆಗೆ ಹೋಗಿ, ಅಲ್ಲಿನ ಕೌನ್ಸೆಲರ್ ಒಬ್ಬರ ಹತ್ತಿರ ಅರ್ಧ ಗಂಟೆ ಸಮಯ ಕೇಳು. ಅರ್ಜಿಗೆ ಬರೆದದ್ದನ್ನು ನನಗೂ ಕಳಿಸು, ಓದಿ ಹೇಳುತ್ತೇನೆ. ಭಾನುವಾರ ಬೆಳಿಗ್ಗೆ ಬಿಡುವಾಗಿರುತ್ತೇನೆ.

ನಿನ್ನ ಗೆಳೆಯ